ಹಾವಿನ ಪೊರೆ ಚೂರು ಚೂರಾಗಿ ಬಂದಿದೆ, ಉಸಿರಾಟದಲ್ಲಿ ಸದ್ದು ಬೇರೆ. ಏನು ಮಾಡಲಿ?

ಕ್ಯಾತ್ಸಂದ್ರ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು. ಮನೆಯಲ್ಲಿ ಒಂದು ಬಾಲ್ ಪೈಥಾನ್ ಸಾಕಿದ್ದೇನೆ, ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಹೆಣ್ಣು, ಹೆಸರು ರಾಗಿ, ಮೂರು ವರ್ಷದ್ದು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರುವ ಉತ್ತರವೆಲ್ಲ ಅದರ ಬಗ್ಗೆಯೇ ಇರುತ್ತದೆ.

ವಿಷಯ ಏನಂದ್ರೆ, ಇಲ್ಲಿಯ ತನಕ ರಾಗಿ ಪೊರೆ ಬಿಟ್ಟರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡು ಬರುತ್ತಿತ್ತು. ಈ ಸಲ ಚೂರು ಚೂರಾಗಿ ಬಂದಿದೆ. ಬೆನ್ನ ಮೇಲೆ ಅಲ್ಲಲ್ಲಿ ಬೂದು ಬಣ್ಣದ ತುಣುಕು ಅಂಟಿಕೊಂಡು ಉಳಿದಿವೆ. ಬಾಲದ ತುದಿಗೆ ಸುತ್ತಲೂ ಒಂದು ಪಟ್ಟಿ ಬಿಗಿಯಾಗಿ ಕೂತಿದೆ. ಎಡಗಣ್ಣು ಹೊಳೆಯುತ್ತಿದೆ, ಬಲಗಣ್ಣು ಇನ್ನೂ ಮಂಕಾಗಿದೆ. ಜೊತೆಗೆ ರಾತ್ರಿ ಹೊತ್ತು ಉಸಿರಾಡುವಾಗ ಸಣ್ಣಗೆ ಶಿಳ್ಳೆ ಸದ್ದು. ಇಲಿ ಕೊಟ್ಟರೆ ನಾಲಿಗೆ ಚಾಚಿ ನೋಡಿ ಮುಖ ತಿರುಗಿಸುತ್ತಾಳೆ.

ಅಮ್ಮ ಹೇಳುವುದು, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಮೆಲ್ಲಗೆ ಎಳೆದರೆ ಬಂದುಬಿಡುತ್ತದೆ ಅಂತ. ನಮ್ಮ ಜಿಲ್ಲೆಯಲ್ಲಿ ಯಾವ ಕಾಯಿಲೆಗೂ ಮೊದಲ ಔಷಧಿ ಅದೇ ಅಲ್ವಾ? ಎಳೆಯಲು ನನಗೆ ಧೈರ್ಯ ಬರಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ತಿಪಟೂರು ತೆಂಗು

ಎಣ್ಣೆ ಹಚ್ಚಬೇಡಿ ಅಂತ ತಿಪಟೂರಿನವನೇ ಹೇಳಬೇಕಾಗಿ ಬಂತು ನೋಡಿ! ಅಮ್ಮನಿಗೆ ಬೇಜಾರಾಗದ ಹಾಗೆ ತಿಳಿಸಿ. ಒಣಗಿದ ಪೊರೆಗೆ ಬೇಕಾಗಿರುವುದು ನೀರು. ಮೇಲೆ ಎಣ್ಣೆ ಸವರಿದರೆ ನೀರು ಒಳಗೆ ಇಳಿಯುವುದಿಲ್ಲ, ಮೇಲಿಂದ ಕಸ ಧೂಳು ಮೆತ್ತಿಕೊಳ್ಳುತ್ತದೆ. ಎಳೆಯುವುದಂತೂ ಬೇಡವೇ ಬೇಡ. ಕೆಳಗಿನ ಹೊಸ ಚರ್ಮ ಇನ್ನೂ ಎಳೆಯದು, ಅದೂ ಕಿತ್ತು ಬರುತ್ತದೆ.

ನಮ್ಮ ಕಡೆಯಿಂದ ನಿಮಗೆ ಉಪಯೋಗಕ್ಕೆ ಬರುವುದು ಎಣ್ಣೆಯಲ್ಲ, ನಾರಿನ ಪುಡಿ. ಕೊಕೊಪೀಟ್ ಅಂತ ಇಟ್ಟಿಗೆ ಮಾಡಿ ಮಾರುತ್ತಾರಲ್ಲ, ಅದು. ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ನಾರಿನ ಕಾರ್ಖಾನೆ ಪಕ್ಕದಲ್ಲಿ ಗುಡ್ಡೆ ಬಿದ್ದಿರುತ್ತದೆ. ಒಂದೆರಡು ಸಲ ತೊಳೆದು, ಉಪ್ಪಿನಂಶ ಹೋದ ಮೇಲೆ ಹಿಂಡಿ ಹಾಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು.

ಕೆಜಿಎಫ್ ಅಣ್ಣ

ಹಾವು ನೋಡುವ ಮೊದಲು ಪೆಟ್ಟಿಗೆ ನೋಡಬೇಕು ತಮ್ಮಾ. ಬಿಸಿ ಕಡೆ ಎಷ್ಟು ಡಿಗ್ರಿ? ತಂಪು ಕಡೆ ಎಷ್ಟು? ತೇವಾಂಶ ಎಷ್ಟು? ಕೆಳಗೆ ಏನು ಹಾಸಿದ್ದೀಯ? ಬಿಸಿ ಬರೋದು ಬಲ್ಬಿನಿಂದಲೋ ಕೆಳಗಿಡುವ ಹೀಟ್ ಮ್ಯಾಟ್‌ನಿಂದಲೋ?

ಕ್ಯಾತ್ಸಂದ್ರ ಹುಡುಗ

ಗಾಜಿನ ಪೆಟ್ಟಿಗೆ ಅಣ್ಣ, ಮೇಲೆ ಜಾಲರಿ ಮುಚ್ಚಳ. ಬಿಸಿಗೆ ಮೇಲಿನಿಂದ ಬಲ್ಬ್. ಬಿಸಿ ಕಡೆ 32, ತಂಪು ಕಡೆ 26. ಕೆಳಗೆ ನ್ಯೂಸ್‌ಪೇಪರ್. ಗಾಜಿಗೆ ಅಂಟಿಸಿದ ಮುಳ್ಳಿನ ಮೀಟರ್ ಇದೆ, ಅದು ಯಾವಾಗಲೂ 60 ತೋರಿಸುತ್ತದೆ.

ಕೆಜಿಎಫ್ ಅಣ್ಣ

ಬಿಸಿ ಸರಿ ಇದೆ. ತೇವಾಂಶ ನಂಬೋದಿಲ್ಲ. ಫೆಬ್ರವರಿ ತಿಂಗಳು, ತುಮಕೂರು, ಜಾಲರಿ ಮುಚ್ಚಳ, ಮೇಲೆ ಬಲ್ಬ್, ಕೆಳಗೆ ಒಣ ಪೇಪರ್. ಇಷ್ಟಿದ್ದೂ 60 ಅಂದರೆ ಆ ಮೀಟರ್ ಸುಳ್ಳು ಹೇಳುತ್ತಿದೆ. "ಯಾವಾಗಲೂ" 60 ಅಂದೆ ನೋಡು, ಅಲ್ಲೇ ಸಿಕ್ಕಿಬಿತ್ತು. ನಿಜವಾದ ಮೀಟರ್ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತೋರಿಸುತ್ತದೆ.

ಪರೀಕ್ಷೆ ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಕೆಸರಿನ ಹದಕ್ಕೆ ತಾ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದೇ ಜಿಪ್ ಕವರ್‌ಗೆ ಹಾಕಿ ಗಾಳಿ ಆಡದಂತೆ ಮುಚ್ಚಿ ರಾತ್ರಿಯೆಲ್ಲ ಇಡು. ಒಳಗಿನ ಗಾಳಿ ಸುಮಾರು 75ಕ್ಕೆ ಬಂದು ನಿಲ್ಲುತ್ತದೆ, ಉಪ್ಪಿನ ಗುಣವೇ ಅದು. ಮೀಟರ್ ಎಷ್ಟು ಜಾಸ್ತಿ ಕಡಿಮೆ ತೋರಿಸುತ್ತದೋ ಅಷ್ಟು ಲೆಕ್ಕದಲ್ಲಿ ಕಳೆ ಅಥವಾ ಕೂಡಿಸು.

ಶಿಡ್ಲಘಟ್ಟ ಗೂಡು

ಹಾವು ಸಾಕಿದವನಲ್ಲ, ಹುಳು ಸಾಕುವವನು. ರೇಷ್ಮೆ. ಆದರೆ ತೇವಾಂಶದ ಮಾತು ಬಂದಾಗ ಸುಮ್ನೆ ಇರಲಾಗಲಿಲ್ಲ.

ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, 27-28 ಡಿಗ್ರಿ, ತೇವಾಂಶ 85-90 ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, 70 ಆಸುಪಾಸು. ಬೇಸಿಗೆಯಲ್ಲಿ ಇದನ್ನು ಕಾಯುವುದೇ ನಮ್ಮ ಕೆಲಸ. ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತೇವೆ, ನೆಲಕ್ಕೆ ನೀರು ಹಾಕುತ್ತೇವೆ. ಮುಳ್ಳಿನ ಮೀಟರ್ ನಾವು ಯಾರೂ ಇಟ್ಟುಕೊಳ್ಳುವುದಿಲ್ಲ. ಒಂದು ಒಣ ಬುರುಡೆ, ಒಂದು ಒದ್ದೆ ಬಟ್ಟೆ ಸುತ್ತಿದ ಬುರುಡೆ ಇರುವ ಥರ್ಮಾಮೀಟರ್, ಇಲ್ಲಾಂದ್ರೆ ಡಿಜಿಟಲ್. ರೇಷ್ಮೆ ಸಾಮಾನಿನ ಅಂಗಡಿಯಲ್ಲಿ ಕೇಳಿ, ಸಿಗುತ್ತದೆ.

ಇನ್ನೊಂದು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿಗೆ, ನಾವು ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲ್ಲಾಡಿಸುವುದಿಲ್ಲ. ಹಾವಿಗೂ ಹಾಗೇನಾ?

ಪಶುವೈದ್ಯೆ ಚಿಂತಾಮಣಿ

ಶಿಡ್ಲಘಟ್ಟದ ಅಣ್ಣ ಹೇಳಿದ್ದರಲ್ಲಿ ಅರ್ಧ ಹಾವಿಗೂ ಸರಿ. ಪೊರೆ ಬಿಡುವ ಹೊತ್ತಿಗೆ ಮುಟ್ಟಬಾರದು, ಊಟಕ್ಕೆ ಒತ್ತಾಯ ಮಾಡಬಾರದು. ಇನ್ನರ್ಧ ಉಲ್ಟಾ. ಹುಳು ಜ್ವರಕ್ಕೆ ಕೂತಾಗ ನೀವು ಸುಣ್ಣ ಹಾಕಿ ಹಾಸಿಗೆ ಒಣಗಿಸುತ್ತೀರಿ. ಹಾವಿಗೆ ಆಗಲೇ ತೇವ ಜಾಸ್ತಿ ಬೇಕು.

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ದಿನವಿಡೀ ನೋಡುವುದು ಹಸು, ಎಮ್ಮೆ, ಕುರಿ. ಹಾವು ಅಪರೂಪ. ಆದ್ದರಿಂದ ಇದನ್ನು ಚಿಕಿತ್ಸೆ ಅಂತ ತೆಗೆದುಕೊಳ್ಳಬೇಡಿ. ಏನು ನೋಡಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ.

ಹಳೆ ಚರ್ಮದ ಕೆಳಗೆ ಮೊದಲು ಹೊಸ ಚರ್ಮ ಪೂರ್ತಿ ತಯಾರಾಗುತ್ತದೆ. ಆಮೇಲೆ ಎರಡರ ನಡುವೆ ದ್ರವ ತುಂಬಿಕೊಂಡು ಹಳೆಯದನ್ನು ಬಿಡಿಸುತ್ತದೆ. ಮೈ ಮಂಕಾಗಿ ಕಣ್ಣು ಹಾಲುನೀಲಿ ಆಗುವುದು ಆಗಲೇ. ಕೆಲವು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಪೊರೆ ಬರುವುದು ಅದಾಗಿ ಎರಡು-ನಾಲ್ಕು ದಿನಕ್ಕೆ. ಒಟ್ಟು ಒಂದರಿಂದ ಎರಡು ವಾರದ ಕೆಲಸ. ಹಾವಿನ ಮೈಯಲ್ಲಿ ನೀರು ಕಡಿಮೆ ಇದ್ದರೆ, ಅಥವಾ ಸುತ್ತಲಿನ ಗಾಳಿ ತೀರಾ ಒಣಗಿದ್ದರೆ, ಹಳೆಯದು ಬಿಡಿಸಿಕೊಳ್ಳದೆ ಹೊಸದರ ಮೇಲೆ ಒಣಗಿ ಕೂರುತ್ತದೆ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಹುಲ್ಲುಗಾವಲಿನದ್ದು, ಮಳೆಕಾಡಿನದ್ದಲ್ಲ. ಹಾಗಾದರೆ ಒಣ ಹವೆ ಒಗ್ಗಬೇಕಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಆದರೆ ಹಗಲೆಲ್ಲ ಅದು ಇರುವುದು ಇಲಿ ಬಿಲದಲ್ಲಿ, ಗೆದ್ದಲು ಹುತ್ತದಲ್ಲಿ. ಹುತ್ತದ ಒಳಗೆ ಎಷ್ಟು ತೇವ ಇರುತ್ತದೆ ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಸಾಮಾನ್ಯ ದಿನಕ್ಕೆ 55-60, ಪೊರೆ ಹೊತ್ತಿಗೆ 70ರ ತನಕ ಇರಲಿ.

ಗಾಳಿ ಒಂದೇ ಕಾರಣ ಅಂತ ತಿಳಿಯಬೇಡಿ. ನುಸಿ ಹತ್ತಿದ ಹಾವು, ಹೀಟ್ ಮ್ಯಾಟ್ ಮೇಲೆ ಹೊಟ್ಟೆ ಸುಟ್ಟುಕೊಂಡ ಹಾವು, ಹಳೆ ಗಾಯದ ಕಲೆ ಇರುವ ಹಾವು, ಒಳಗೆ ಸೋಂಕು ಇರುವ ಹಾವು, ಎಲ್ಲವೂ ಪೊರೆಯನ್ನು ಹೀಗೆ ಚೂರು ಚೂರಾಗಿಯೇ ಬಿಡುತ್ತವೆ. ಹಾವು ಜ್ವರ ಬಂದಿದೆ ಅಂತ ನರಳುವುದಿಲ್ಲ, ಕೆಮ್ಮುವುದಕ್ಕೂ ಅದಕ್ಕೆ ವಪೆ (ಎದೆ ಹೊಟ್ಟೆ ನಡುವಿನ ಸ್ನಾಯು ಪರದೆ) ಇಲ್ಲ. ಅದರ ಆರೋಗ್ಯದ ವರದಿ ಅಂತ ನಮ್ಮ ಕೈಗೆ ಸಿಗುವುದು ಪೊರೆ, ಹಿಕ್ಕೆ, ತೂಕ, ಇಷ್ಟೇ.

ಆದ್ದರಿಂದ ಬಿದ್ದ ಪೊರೆಯನ್ನು ಎಸೆದಿಲ್ಲ ತಾನೇ? ತಲೆಯ ಭಾಗ ಹುಡುಕಿ ನೀರಲ್ಲಿ ನೆನೆಸಿ ಬಿಡಿಸಿ. ಬೆಳಕಿಗೆ ಹಿಡಿದರೆ ಕಣ್ಣಿರುವ ಜಾಗದಲ್ಲಿ ಎರಡು ದುಂಡಗಿನ, ಉಬ್ಬಿದ, ಗಾಜಿನಷ್ಟು ತಿಳಿಯಾದ ಹುರುಪೆ ಕಾಣಬೇಕು. ಹಾವಿಗೆ ರೆಪ್ಪೆ ಇಲ್ಲ, ಆ ಹುರುಪೆಯೇ ಕಣ್ಣಿಗೆ ಮುಚ್ಚಳ. ಪ್ರತಿ ಸಲ ಪೊರೆಯ ಜೊತೆ ಅದೂ ಬರಬೇಕು. ಅಲ್ಲಿ ತೂತು ಇದ್ದರೆ ಕಣ್ಣಿನ ಮೇಲೆ ಉಳಿದಿದೆ ಅಂತ ಅರ್ಥ.

ಉಳಿದಿದ್ದರೆ ಚಿಮುಟ ಹಾಕಬೇಡಿ. ಉಗುರಿನಿಂದ ಕೆರೆಯಬೇಡಿ. ಸೆಲ್ಲೋಟೇಪ್ ಅಂಟಿಸಿ ಎಳೆಯುವ ವಿಡಿಯೋ ಇವೆ, ಅವನ್ನು ನಂಬಬೇಡಿ. ಹಳೆಯದರ ಜೊತೆ ಹೊಸ ಹುರುಪೆ ಹರಿದು ಬಂದರೆ ಕಣ್ಣೇ ಹೋಗುತ್ತದೆ. ತೇವ ಸರಿಮಾಡಿ ಕಾದರೆ ಎಷ್ಟೋ ಸಲ ಮುಂದಿನ ಪೊರೆಯ ಜೊತೆ ಎರಡೂ ಪದರ ಒಟ್ಟಿಗೆ ಬರುತ್ತವೆ.

ಕಣ್ಣು ಕಾಯಬಹುದು, ಬಾಲದ ತುದಿ ಕಾಯುವುದಿಲ್ಲ. ಅಲ್ಲಿ ಉಳಿದ ಪಟ್ಟಿ ಒಣಗುತ್ತಾ ಬಿಗಿಯುತ್ತದೆ, ರಕ್ತ ಓಡಾಡುವುದಿಲ್ಲ, ತುದಿ ಕಪ್ಪಾಗಿ ಉದುರುತ್ತದೆ. ಮೊದಲು ಅದನ್ನು ಬಿಡಿಸಬೇಕು.

ಇನ್ನು ಶಿಳ್ಳೆ. ಮೂಗಿನ ತೂತಿನಲ್ಲಿ ಪೊರೆಯ ಚೂರು ಸಿಕ್ಕಿಕೊಂಡರೂ ಶಿಳ್ಳೆ ಬರುತ್ತದೆ, ಅದು ದೊಡ್ಡ ವಿಷಯ ಅಲ್ಲ. ಆದರೆ ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಬಾಯಲ್ಲಿ ಗುಳ್ಳೆ, ಅಂಟು ಲೋಳೆ, ತಲೆ ಮೇಲೆತ್ತಿ ಹಾಗೇ ಕೂರುವುದು, ಇವುಗಳಲ್ಲಿ ಒಂದು ಕಂಡರೂ ಅದು ಶ್ವಾಸಕೋಶದ ಸೋಂಕು. ಆಗ ಇಲ್ಲಿ ಬರೆದು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಸುಮ್ನೆ ಓದೋನು

ಇಷ್ಟೆಲ್ಲ ಕಷ್ಟ ಇರುವಾಗ ಹಾವು ಯಾಕೆ ಸಾಕಬೇಕು ಸ್ವಾಮಿ? ಒಂದು ನಾಯಿ ಸಾಕಿ.

ಕೆಜಿಎಫ್ ಅಣ್ಣ

ನಾಯಿಗೆ ಕಾಯಿಲೆ ಬರೋದಿಲ್ವಾ?

ನಂದಿ ತಪ್ಪಲು

ಸುಮ್ನೆ ಓದೋನು ಕೇಳಿದ್ದು ತಮಾಷೆಗೆ ಇರಬಹುದು, ನಾನು ಗಂಭೀರವಾಗಿ ಹೇಳುತ್ತೇನೆ. ಚಿಕ್ಕಬಳ್ಳಾಪುರ ಸುತ್ತ ಮನೆಗೆ ನುಗ್ಗಿದ ಹಾವು ಹಿಡಿದು ಬಿಡುವ ಕೆಲಸ ಮಾಡುತ್ತೇನೆ. ನನ್ನ ಕೇಳಿದರೆ ಹಾವು ಪೆಟ್ಟಿಗೆಯಲ್ಲಿಡುವ ಪ್ರಾಣಿಯೇ ಅಲ್ಲ. ಆಫ್ರಿಕಾದ ಹಾವಿಗೆ ತುಮಕೂರಿನ ಮನೆಯಲ್ಲಿ ಹುತ್ತ ಕಟ್ಟಿಕೊಡಲು ಹೊರಟಿದ್ದೀರಿ. ಪೊರೆ ಅಂಟಿದ್ದರಲ್ಲಿ ಆಶ್ಚರ್ಯ ಏನು?

ಕಾಡಿನ ಹಾವಿಗೆ ಈ ತೊಂದರೆ ಕಡಿಮೆ. ಪೊರೆ ಹೊತ್ತಿಗೆ ಅದೇ ತೇವ ಹುಡುಕಿಕೊಂಡು ಹೋಗುತ್ತದೆ. ನಿಮ್ಮ ಬಚ್ಚಲು ಮನೆ ಹಿಂದೆ, ನೀರಿನ ತೊಟ್ಟಿ ಕೆಳಗೆ, ತೆಂಗಿನ ಗರಿ ರಾಶಿಯಲ್ಲಿ ನಾಗರಹಾವು ಸಿಗುವುದಕ್ಕೆ ಇದೂ ಒಂದು ಕಾರಣ. ಆಮೇಲೆ ಕಲ್ಲಿನ ಸಂದಿಗೋ ಬೇಲಿ ಮುಳ್ಳಿಗೋ ಮೂತಿ ಉಜ್ಜಿ, ತುಟಿಯ ಅಂಚಿನಿಂದ ಬಿಡಿಸಿಕೊಂಡು, ಒಳಮೈ ಹೊರಗಾಗುವಂತೆ ಪೊರೆ ಬಿಟ್ಟು ಹೋಗುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಒಂದು ಒರಟು ಕಲ್ಲೋ ಮರದ ತುಂಡೋ ಇದೆಯಾ? ಬರೀ ನ್ಯೂಸ್‌ಪೇಪರ್ ಮೇಲೆ ಅದು ಎಲ್ಲಿಗೆ ಮೂತಿ ಉಜ್ಜಬೇಕು?

ಓದುವವರಿಗೆಲ್ಲ ಇನ್ನೊಂದು ಮಾತು. ಕಣ್ಣು ನೀಲಿಯಾದ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಬೇಗ ಗಾಬರಿಯಾಗಿ ಹೊಡೆಯುತ್ತದೆ. ಮನೆಯಲ್ಲಿ ಅಂಥ ಹಾವು ಕಂಡರೆ ಕಡ್ಡಿ ಹಾಕಿ ಕೆಣಕಬೇಡಿ. ದೂರ ನಿಂತು ಕಣ್ಣಿಟ್ಟು ನೋಡುತ್ತಾ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಕ್ಯಾತ್ಸಂದ್ರ ಹುಡುಗ

ನಂದಿ ಅಣ್ಣ, ನಿಮ್ಮ ಮಾತು ಒಪ್ಪುವುದೂ ಇದೆ, ಒಪ್ಪದಿರುವುದೂ ಇದೆ. ಸಾಕಬೇಕಾ ಬೇಡವಾ ಅನ್ನುವುದನ್ನು ಇನ್ನೊಂದು ದಿನ ಜಗಳ ಆಡೋಣ. ಈಗ ಇರುವ ಹಾವನ್ನು ಎಲ್ಲಿಗೂ ಬಿಡಲಾಗುವುದಿಲ್ಲ, ನೋಡಿಕೊಳ್ಳಲೇಬೇಕು. ಕಲ್ಲಿನ ಮಾತು ಒಳ್ಳೆಯದು, ಮರದ ತೊಗಟೆ ಒಂದು ಇಡುತ್ತೇನೆ.

ಪೊರೆ ನೆನೆಸಿ ನೋಡಿದೆ ಮೇಡಂ. ತಲೆ ಭಾಗ ಮುದುರಿ ಕಡಲೆಕಾಳಿನಷ್ಟು ಆಗಿತ್ತು. ನೀರಿಗೆ ಬಿಟ್ಟ ಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು. ತುಟಿಯ ಮೇಲಿನ ಸಣ್ಣ ಗುಳಿಗಳ ಅಚ್ಚು ಕೂಡ ಕಾಣುತ್ತದೆ. ಎಡಗಣ್ಣಿನ ಹುರುಪೆ ಇದೆ. ಬಲಗಣ್ಣಿನ ಜಾಗದಲ್ಲಿ ದುಂಡಗೆ ತೂತು.

ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ ಮುಳ್ಳು 95 ದಾಟಿ ನಿಂತಿತು. ಅಂದರೆ ಪೆಟ್ಟಿಗೆಯಲ್ಲಿ ಇದ್ದದ್ದು 40ರ ಆಚೆ ಈಚೆ.

ಇನ್ನೊಂದು ಕಂಡಿತು. ನೀರಿನ ಬಟ್ಟಲಿನ ತಳದಲ್ಲಿ ಕಪ್ಪು ಚುಕ್ಕಿಗಳು. ಮೆಣಸಿನ ಪುಡಿ ಉದುರಿದಷ್ಟು ಸಣ್ಣ. ಒಂದೆರಡು ಕಾಲು ಆಡಿಸುತ್ತಿದ್ದವು.

ಕೆಜಿಎಫ್ ಅಣ್ಣ

ನುಸಿ. ರಾಗಿ ಈ ನಡುವೆ ನೀರಿನ ಬಟ್ಟಲಲ್ಲೇ ಸುತ್ತಿಕೊಂಡು ಮಲಗುತ್ತಿದ್ದಳಾ?

ಕ್ಯಾತ್ಸಂದ್ರ ಹುಡುಗ

ಹೌದು ಅಣ್ಣ. ಸೆಖೆಗೆ ಅಂದುಕೊಂಡಿದ್ದೆವು.

ಕೆಜಿಎಫ್ ಅಣ್ಣ

ಹಾವಿನ ನುಸಿ ರಕ್ತ ಕುಡಿಯುತ್ತದೆ. ಗಲ್ಲದ ಕೆಳಗಿನ ಮಡಿಕೆ, ಕಣ್ಣಿನ ಸುತ್ತಲಿನ ಸಂದಿ, ತುಟಿಯ ಗುಳಿ, ಇವೇ ಅದರ ಮನೆ. ಬಿಳಿ ಟಿಶ್ಯೂ ಒದ್ದೆ ಮಾಡಿ ತಲೆಯಿಂದ ಬಾಲದ ಕಡೆಗೆ ಒಂದು ಸಲ ಒರೆಸಿ ನೋಡು. ಕಪ್ಪು ಚುಕ್ಕಿ, ಕೆಂಪು ಕಲೆ ಬಂದರೆ ಖಾತ್ರಿ.

ಪೆಟ್ಟಿಗೆ ಪೂರ್ತಿ ಖಾಲಿ ಮಾಡು. ಮರದ್ದು, ತೊಗಟೆ, ಹಳೆ ಹಾಸು ಎಲ್ಲ ಕವರ್ ಕಟ್ಟಿ ಆಚೆ. ಈಗ ತಂದು ಇಡ್ತೀನಿ ಅಂದೆಯಲ್ಲ ತೊಗಟೆ, ಅದು ನುಸಿ ಹೋಗುವ ತನಕ ಬೇಡ. ಮೊಟ್ಟೆ ಇಡುವುದು ಅಂಥ ಸಂದಿಯಲ್ಲೇ. ಪೆಟ್ಟಿಗೆಗೆ ಬಿಸಿ ನೀರು ಸೋಪು, ಆಮೇಲೆ ಬ್ಲೀಚ್ ನೀರು, ಚೆನ್ನಾಗಿ ತೊಳೆದು, ವಾಸನೆ ಹೋಗುವ ತನಕ ಬಿಸಿಲು. ಸಿಲಿಕೋನ್ ಅಂಟಿಸಿದ ಮೂಲೆ ಮರೆಯಬೇಡ. ಅಲ್ಲಿಯ ತನಕ ಹಾಸಿಗೆ ಬಿಳಿ ಟಿಶ್ಯೂ ಪೇಪರ್ ಮಾತ್ರ. ನುಸಿ ಕಂಡರೆ ಎದ್ದು ಕಾಣಬೇಕು.

ಒಂದು ಸಲಕ್ಕೆ ಮುಗಿಯಲ್ಲ. ದೊಡ್ಡವು ಸತ್ತರೂ ಮೊಟ್ಟೆ ಒಡೆದು ಮತ್ತೆ ಬರುತ್ತವೆ. ವಾರ ವಾರ ತೊಳೆಯುತ್ತಾ ಇರಬೇಕು.

ಗುಬ್ಬಿ ಗೌಡ್ರು

ನಮ್ಮ ಕುರಿಗೆ ಉಣ್ಣೆ ಆದರೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸುತ್ತೇವೆ, ಮೆಡಿಕಲ್ಲಿನಲ್ಲಿ ಸಿಗುತ್ತೆ. ಒಂದು ಹನಿ ಹಾಕಿದರೆ ಆಗಲ್ವಾ? ಅಥವಾ ಬೇವಿನೆಣ್ಣೆ?

ಪಶುವೈದ್ಯೆ ಚಿಂತಾಮಣಿ

ದಯವಿಟ್ಟು ಬೇಡ ಗೌಡ್ರೇ. ಆ ಸೀಸೆ ಐವತ್ತು ಕಿಲೋ, ನಾನೂರು ಕಿಲೋ ಪ್ರಾಣಿಯ ಲೆಕ್ಕಕ್ಕೆ ತಯಾರಾಗಿದ್ದು. ರಾಗಿ ಒಂದೂವರೆ ಕಿಲೋ ಇದ್ದರೆ ಹೆಚ್ಚು. "ಒಂದು ಹನಿ" ಅನ್ನುವುದು ಅಳತೆ ಅಲ್ಲ. ಡಾಕ್ಟರು ತೂಕ ನೋಡಿ ಕೆಲವೊಮ್ಮೆ ಕೊಡುತ್ತಾರೆ, ಅದು ಬೇರೆ. ಆಮೆಗಂತೂ ಅದೇ ಔಷಧಿ ಪ್ರಾಣ ತೆಗೆಯುತ್ತದೆ. ನಾಯಿ ಉಣ್ಣೆಯ ಸ್ಪ್ರೇ, ಸೀಮೆಎಣ್ಣೆ, ಕರ್ಪೂರ, ಬಟ್ಟೆ ಬೀರುವಿನ ನುಸಿ ಗುಳಿಗೆ, ಯಾವುದನ್ನೂ ನಿಮ್ಮಷ್ಟಕ್ಕೆ ನೀವು ಹಾಕಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಗಾಳಿಯೇ ವಿಷ. ಬೇವಿನೆಣ್ಣೆಗೂ ಇದೇ ಉತ್ತರ.

ಕ್ಯಾತ್ಸಂದ್ರ, ಈಗ ನಿಮ್ಮಲ್ಲಿ ನುಸಿ ಇದೆ, ಊಟ ಬಿಟ್ಟಿದ್ದಾಳೆ, ಉಸಿರಿನ ಸದ್ದಿದೆ. ನುಸಿಯಿಂದ ರಕ್ತ ಕಡಿಮೆಯಾಗುತ್ತದೆ, ರೋಗವನ್ನೂ ಹರಡಬಹುದು. ಬೆಂಗಳೂರಿನಲ್ಲಿ ಸರೀಸೃಪ ನೋಡುವ ಡಾಕ್ಟರು ಇದ್ದಾರೆ, ಕರೆದುಕೊಂಡು ಹೋಗಿ. ಹೋಗುವ ತನಕ ಬಿಸಿ ಕಡೆ 32 ತಪ್ಪಬಾರದು. ಮೈ ತಣ್ಣಗಾದರೆ ಹಾವಿಗೆ ಸೋಂಕಿನ ಜೊತೆ ಹೋರಾಡಲು ಆಗುವುದಿಲ್ಲ. ಉಸಿರು ಸರಿಯಿಲ್ಲದ ಹಾವನ್ನು ನೀರಲ್ಲಿ ಕೂರಿಸಬೇಡಿ. ಒದ್ದೆ ಬಟ್ಟೆಯ ಡಬ್ಬ ಸಾಕು.

ತಿಪಟೂರು ತೆಂಗು

ಒದ್ದೆ ಡಬ್ಬ ಅಂದರೆ ಹೀಗೆ. ಹಾವು ಸುತ್ತಿ ಮಲಗುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬ, ಪಕ್ಕದಲ್ಲಿ ಒಳಹೋಗಲು ತೂತು. ತೂತಿನ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಚೂಪು ಇರಬಾರದು. ಒಳಗೆ ಒದ್ದೆ ಟಿಶ್ಯೂ, ನುಸಿ ಹೋದ ಮೇಲೆ ನಾರಿನ ಪುಡಿ ಹಾಕಬಹುದು. ಬಿಸಿ ಕಡೆ ಇಡಿ. ತಂಪು ಕಡೆ ಇಟ್ಟರೆ ಅದು ತಣ್ಣನೆಯ ತೇವ ಆಗಿ ಕಾಯಿಲೆ ಹೆಚ್ಚುತ್ತದೆ.

ಹೊಸಬ ಕೋಲಾರ

ನಮಸ್ತೆ, ಇದೇ ತರಹ ನನ್ನದೊಂದು ಪ್ರಶ್ನೆ. ನಮ್ಮ ಮಾವನ ಮನೆಯಲ್ಲಿ ಎರಡು ತಲೆ ಹಾವು ಒಂದು ಇದೆ. ಮಣ್ಣಿನ ಮಡಕೆಯಲ್ಲಿ ಇಟ್ಟಿದ್ದಾರೆ. ಅದೃಷ್ಟ ಅಂತಾರೆ. ಅದರ ಪೊರೆಯೂ ಬಾಲದ ಕಡೆ ಬಿಟ್ಟಿಲ್ಲ. ಏನು ಮಾಡಬೇಕು?

ನಿರ್ವಾಹಕ

ಹೊಸಬ ಅವರೇ, ಇದಕ್ಕೆ ಪೊರೆ ಬಿಡಿಸುವ ಸಲಹೆ ಇಲ್ಲಿ ಕೊಡುವುದಿಲ್ಲ. ಅದು ನಮ್ಮ ಕಾಡಿನ ಹಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ಕೇರೆ, ನಾಗರ, ಹೆಬ್ಬಾವು, ಎಲ್ಲಕ್ಕೂ ಇದೇ ಮಾತು. ಮಾವನಿಗೆ ಹೇಳಿ ಅರಣ್ಯ ಇಲಾಖೆಗೆ ಒಪ್ಪಿಸಿ.

ಹೊರದೇಶದ ಹಾವಿನ ವಿಷಯ ಬೇರೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿಗಳು ಈಗ ನಾಲ್ಕನೇ ಅನುಸೂಚಿಯಲ್ಲಿವೆ. ಬಾಲ್ ಪೈಥಾನ್ ಸೈಟಿಸ್ ಎರಡನೇ ಪಟ್ಟಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಅಂಥವನ್ನು ಪರಿವೇಶ್‌ನಲ್ಲಿ ನೋಂದಾಯಿಸಲೇಬೇಕು.

ನಂದಿ ತಪ್ಪಲು

ನಿರ್ವಾಹಕರಿಗೆ ಥ್ಯಾಂಕ್ಸ್. ಹೊಸಬ ಅವರೇ, ಅದಕ್ಕೆ ಎರಡು ತಲೆ ಇಲ್ಲ. ಮೊಂಡು ಬಾಲ ತಲೆಯಂತೆ ಕಾಣುತ್ತದೆ, ಅಷ್ಟೇ. ಅದೃಷ್ಟದ ಕತೆ ಹೇಳಿ ಲಕ್ಷ ಲಕ್ಷ ಕೇಳುವವರು ಕೋಲಾರ ತುಮಕೂರು ಎರಡೂ ಕಡೆ ಇದ್ದಾರೆ. ಮಾರಲು ಹೋದವರು ಜೈಲು ಸೇರಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಮಡಕೆಯಲ್ಲಿ ಇಟ್ಟ ಹಾವಿಗೆ ಪೊರೆ ಬಿಡಲು ಜಾಗ ಎಲ್ಲಿದೆ? ಯಾರೂ ಬೈಯುವುದಿಲ್ಲ, ಬೇಗ ಒಪ್ಪಿಸಿ.

ಸಾಕಿದ ವಿದೇಶಿ ಹಾವಿನ ಮಾಲೀಕರಿಗೂ ಒಂದು ಮಾತು. ಕಾಯಿಲೆ ಬಂತು, ಖರ್ಚು ಜಾಸ್ತಿ ಅಂತ ದೇವರಾಯನದುರ್ಗದ ಕಾಡಿಗೋ ಕೆರೆ ಏರಿಗೋ ಬಿಟ್ಟು ಬರಬೇಡಿ. ಅದು ಬದುಕುವುದೂ ಕಷ್ಟ, ಅದರ ರೋಗ ನಮ್ಮ ಹೆಬ್ಬಾವಿಗೆ ಅಂಟಿದರೆ ಇನ್ನೂ ಕಷ್ಟ.

ಕ್ಯಾತ್ಸಂದ್ರ ಹುಡುಗ

ಬೆಂಗಳೂರಿಗೆ ಹೋಗಿ ಬಂದೆ. ದಿಂಬಿನ ಕವರಿನೊಳಗೆ ರಾಗಿ, ಅದನ್ನು ತೂತು ಮಾಡಿದ ಡಬ್ಬದೊಳಗೆ, ಪಕ್ಕದಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ. ಕಾರಿನಲ್ಲಿ ಎಸಿ ಹಾಕಲಿಲ್ಲ. ನೆಲಮಂಗಲ ದಾಟುವ ಹೊತ್ತಿಗೆ ನಾವೇ ಬೆಂದು ಹೋಗಿದ್ದೆವು, ಅವಳು ಆರಾಮಾಗಿದ್ದಳು.

ಡಾಕ್ಟರು ಮೊದಲು ತೂಕ ನೋಡಿದರು. ಆಮೇಲೆ ಚಪ್ಪಟೆ ಪ್ಲಾಸ್ಟಿಕ್ ಚಮಚದಂಥದ್ದರಿಂದ ಬಾಯಿ ತೆರೆದು ನೋಡಿದರು. ಗುಲಾಬಿ ಬಣ್ಣ ಇರಬೇಕಾದಲ್ಲಿ ಬಿಳಿಚಿತ್ತು. ಗಂಟಲಲ್ಲಿ ಸ್ವಲ್ಪ ಲೋಳೆ. ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದರು. ಉಸಿರಾಟದ ಸೋಂಕು ಶುರುವಿನಲ್ಲಿದೆ, ನಿಧಾನ ಮಾಡದೆ ಬಂದಿದ್ದು ಒಳ್ಳೆಯದಾಯಿತು ಅಂದರು. ಮೂರು ದಿನಕ್ಕೊಮ್ಮೆ ಆಂಟಿಬಯಾಟಿಕ್ ಇಂಜೆಕ್ಷನ್. ನಮ್ಮ ಥರ ದಿನಕ್ಕೆ ಮೂರು ಸಲ ಬೇಡವಂತೆ, ಹಾವಿನ ಮೈಯಿಂದ ಔಷಧಿ ಅಷ್ಟು ನಿಧಾನವಾಗಿ ಹೊರಗೆ ಹೋಗುತ್ತದೆ. ಇಂಜೆಕ್ಷನ್ ಮೈಯ ಮುಂಭಾಗದಲ್ಲೇ ಹಾಕಬೇಕಂತೆ. ಹಿಂಭಾಗದ ರಕ್ತ ಮೊದಲು ಕಿಡ್ನಿ ಕಡೆ ಹೋಗುತ್ತದೆ ಅನ್ನುವುದು ಕಾರಣ.

ಬಾಲದ ಪಟ್ಟಿಯನ್ನು ಅಲ್ಲೇ ಬಿಡಿಸಿದರು. ಒದ್ದೆ ಗಾಜ್ ಸುತ್ತಿ ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಹೆಬ್ಬೆರಳಿನಿಂದ ತುದಿಯ ಕಡೆಗೆ ಉರುಳಿಸಿದರು. ಒಂದಲ್ಲ, ಎರಡು ಪದರ ಬಂತು. ಹಿಂದಿನ ಪೊರೆಯದ್ದೂ ಉಳಿದಿತ್ತು ಅಂತ ಕಾಣುತ್ತದೆ. ಕೆಳಗೆ ತುದಿ ಕಪ್ಪಾಗಿದೆ, ಉಳಿಯುತ್ತದೋ ಇಲ್ಲವೋ ನೋಡಬೇಕು. ಕಣ್ಣು ಮುಟ್ಟಲೇ ಇಲ್ಲ. ಲೂಬ್ರಿಕೆಂಟ್ ಜೆಲ್ ಬರೆದುಕೊಟ್ಟು ಮುಂದಿನ ಪೊರೆ ತನಕ ಕಾಯಿರಿ ಅಂದರು.

ಮನೆಯಲ್ಲಿ ಬೇರೆ ಹಾವು ಇದೆಯಾ ಅಂತ ಎರಡೆರಡು ಸಲ ಕೇಳಿದರು. ಯಾಕೆ ಅಂತ ಅರ್ಥ ಆಗಲಿಲ್ಲ.

ಪಶುವೈದ್ಯೆ ಚಿಂತಾಮಣಿ

ಹೆಬ್ಬಾವಿನ ಜಾತಿಯಲ್ಲಿ ಇದೇ ಲಕ್ಷಣ ತೋರಿಸುವ ಒಂದು ವೈರಸ್ ಇದೆ, ನಿಡೋವೈರಸ್ ಅಂತ. 2014ರಲ್ಲಿ ಬಾಲ್ ಪೈಥಾನ್‌ಗಳಲ್ಲೇ ಮೊದಲು ಗುರುತಿಸಿದ್ದು. ಅದಕ್ಕೆ ಔಷಧಿ ಇಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಆಂಟಿಬಯಾಟಿಕ್‌ಗೆ ರಾಗಿ ಸುಧಾರಿಸಿದರೆ ಸರಿ. ಸುಧಾರಿಸದಿದ್ದರೆ, ಅಥವಾ ಸುಧಾರಿಸಿ ಮತ್ತೆ ಮತ್ತೆ ಬಂದರೆ, ಆಗ ಆ ಪರೀಕ್ಷೆಗೆ ಕೇಳುತ್ತಾರೆ. ಇನ್ನೊಂದು ಹಾವು ಇರುವವರು ಈಗಲೇ ಬೇರೆ ಕೋಣೆಗೆ ಇಡಿ, ಕಾಯಿಲೆಯದ್ದನ್ನು ಕೊನೆಗೆ ಮುಟ್ಟಿ, ಇಕ್ಕಳ ಬಟ್ಟಲು ಬೇರೆ ಇರಲಿ. ಹೊಸ ಹಾವು ತಂದರೆ ಕನಿಷ್ಠ ಮೂರು ತಿಂಗಳು ಬೇರೆ ಇಡುವುದು ಒಳ್ಳೆಯದು.

ಊಟದ ಆತುರ ಬೇಡ. ಆರೋಗ್ಯವಾಗಿರುವ ಬಾಲ್ ಪೈಥಾನೇ ತಿಂಗಳುಗಟ್ಟಲೆ ಉಪವಾಸ ಇರುತ್ತದೆ. ತೂಕ ಮಾತ್ರ ವಾರಕ್ಕೊಮ್ಮೆ ಬರೆದಿಡಿ. ಇಲಿ ಎಲ್ಲಿಂದ ತರುತ್ತೀರಿ? ಮನೆಯಲ್ಲಿ ಬೋನಿಗೆ ಬಿದ್ದದ್ದನ್ನು ಹಾಕಬೇಡಿ. ಪಾಷಾಣ ತಿಂದ ಇಲಿ ಇರಬಹುದು, ಅದರ ಮೈಯ ಹುಳುವೂ ಬರುತ್ತದೆ.

ಸುಮ್ನೆ ಓದೋನು

ನಾಯಿ ಸಾಕಿ ಅಂದಿದ್ದೆ. ವಾಪಸ್ ತಗೊಂಡೆ. ಪೂರ್ತಿ ಓದಿದೆ. ಒಂದು ಪ್ರಶ್ನೆ: ಹಾಲು ಕೊಟ್ಟರೆ ಶಕ್ತಿ ಬರುತ್ತಾ?

ನಂದಿ ತಪ್ಪಲು

ಇಲ್ಲ. ಹಾವಿಗೆ ಹಾಲು ಜೀರ್ಣ ಆಗುವುದಿಲ್ಲ. ಪಂಚಮಿಗೆ ಹಾವಾಡಿಗರ ಬುಟ್ಟಿಯ ಹಾವು ಕುಡಿಯುವುದು ದಿನಗಟ್ಟಲೆ ನೀರಿಲ್ಲದೆ ಒಣಗಿಸಿರುವುದರಿಂದ. ಬಾಯಾರಿದಾಗ ಏನು ಕೊಟ್ಟರೂ ಕುಡಿಯುತ್ತದೆ.

ಕೆಜಿಎಫ್ ಅಣ್ಣ

ಕರೆಂಟ್ ಹೋದರೆ ಏನು ಮಾಡ್ತೀಯ? ಇಂಜೆಕ್ಷನ್ ನಡೆಯುವಾಗ ರಾತ್ರಿಯೆಲ್ಲ ತಣ್ಣಗಾದರೆ ಔಷಧಿ ದಂಡ.

ಕ್ಯಾತ್ಸಂದ್ರ ಹುಡುಗ

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇಟ್ಟುಕೊಂಡು ನಮ್ಮ ಬೀದಿಯಲ್ಲಿ ಕರೆಂಟ್ ಹೋಗುತ್ತದೆ, ಯಾರಿಗೆ ಹೇಳೋಣ ಅಣ್ಣ! ಈಗ ಬಲ್ಬ್ ತೆಗೆದು, ಥರ್ಮೋಸ್ಟಾಟ್ ಹಾಕಿದ ಮ್ಯಾಟ್ ಪೆಟ್ಟಿಗೆಯ ಕೆಳಗೆ, ಹೊರಗಡೆ ಇಟ್ಟಿದ್ದೇನೆ. ಅದಕ್ಕೆ ಕರೆಂಟ್ ಕಡಿಮೆ ಸಾಕು, ಮನೆಯ ಯುಪಿಎಸ್ ತಡೆಯುತ್ತದೆ. ಜಾಲರಿಯ ಮುಕ್ಕಾಲು ಭಾಗ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ್ದೇನೆ. ಡಿಜಿಟಲ್ ಮೀಟರ್ ಮಧ್ಯಾಹ್ನ 58, ರಾತ್ರಿ 66 ತೋರಿಸುತ್ತಿದೆ. ಸುಳ್ಳು ಹೇಳುತ್ತಿಲ್ಲ, ಉಪ್ಪಿನ ಪರೀಕ್ಷೆ ಪಾಸಾಗಿದೆ.

ಕ್ಯಾತ್ಸಂದ್ರ ಹುಡುಗ

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ, ಮಧ್ಯೆ ಕೇಳಿದವರಿಗೆಲ್ಲ ಸಾರಿ. ಇಂಜೆಕ್ಷನ್ ಮುಗಿದು ಎಷ್ಟೋ ದಿನ ಆಯಿತು. ಶಿಳ್ಳೆ ನಿಂತಿದೆ. ಸ್ವಾಬ್‌ನಲ್ಲಿ ಬ್ಯಾಕ್ಟೀರಿಯಾ ಬಂದಿತ್ತು, ಕೊಟ್ಟ ಔಷಧಿಯೇ ಅದಕ್ಕೆ ಹಿಡಿಯಿತು. ಟಿಶ್ಯೂ ಮೇಲೆ ನುಸಿ ಕಾಣುವುದು ನಿಂತ ಮೇಲೆ ನಾರಿನ ಪುಡಿ ಹಾಸಿ, ಒರಟು ಕಲ್ಲೊಂದು ಇಟ್ಟಿದ್ದೇನೆ. ತೊಗಟೆಯ ಬದಲು ಕಲ್ಲು ಯಾಕೆಂದರೆ ಕುದಿಯುವ ನೀರಲ್ಲಿ ಹಾಕಿ ತೆಗೆಯಬಹುದು.

ನಿನ್ನೆ ರಾತ್ರಿ ಪೊರೆ ಬಿಟ್ಟಿದ್ದಾಳೆ. ಕುತ್ತಿಗೆ ಹತ್ತಿರ ಒಂದು ಕಡೆ ಹರಿದಿದೆ, ಉಳಿದದ್ದು ಒಂದೇ ತುಂಡು. ಬಲಗಣ್ಣಿನ ಹುರುಪೆ ದಪ್ಪಗೆ, ಎರಡು ಪದರ ಸೇರಿ ಬಂದಿದೆ. ಕಣ್ಣು ಈಗ ತಿಳಿಯಾಗಿದೆ. ಬಾಲದ ತುದಿ ಒಂದು ಅಕ್ಕಿಕಾಳಿನಷ್ಟು ಉದುರಿ ಹೋಯಿತು, ಗಾಯ ಒಣಗಿದೆ. ಊಟ ಇನ್ನೂ ಇಲ್ಲ. ತೂಕ ಸ್ವಲ್ಪ ಇಳಿದಿದೆ, ಡಾಕ್ಟರು ಇನ್ನೂ ಕಾಯೋಣ ಅಂದಿದ್ದಾರೆ.

ಶಿಡ್ಲಘಟ್ಟ ಗೂಡು

ಪೊರೆ ಬಿಟ್ಟ ದಿನವೇ ಊಟ ಕೊಡಬೇಡಿ ಅನಿಸುತ್ತದೆ. ಜ್ವರ ಎದ್ದ ಹುಳುವಿಗೂ ನಾವು ಎಲ್ಲ ಎದ್ದ ಮೇಲೆಯೇ ಸೊಪ್ಪು ಹಾಕುವುದು. ತಪ್ಪಿದ್ದರೆ ಮೇಡಂ ಹೇಳಲಿ.

ಪಶುವೈದ್ಯೆ ಚಿಂತಾಮಣಿ

ತಪ್ಪೇನಿಲ್ಲ. ಎರಡು ಮೂರು ದಿನ ಬಿಟ್ಟು, ಮೊದಲಿಗಿಂತ ಸಣ್ಣ ಇಲಿ ಕೊಡಿ. ಫ್ರೀಜರಿನದಾದರೆ ಪೂರ್ತಿ ಕರಗಿಸಿ, ಬಿಸಿ ನೀರಿನಲ್ಲಿಟ್ಟು ಮೈಬಿಸಿ ಮಾಡಿ ಕೊಡಿ. ತಲೆಯ ಕಡೆ ಬೆಚ್ಚಗಿರಬೇಕು. ತಿಂದ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಬೇಡಿ, ವಾಂತಿ ಮಾಡಿಕೊಂಡರೆ ಮತ್ತೆ ಹಿಂದಕ್ಕೆ ಹೋಗುತ್ತಾಳೆ.

ಕೆಜಿಎಫ್ ಅಣ್ಣ

ಸರಿ ತಮ್ಮಾ, ಈಗ ಮುಂದಿನದ್ದು. ಮಳೆ ಶುರುವಾದ ಮೇಲೆ ಆ ಪ್ಲಾಸ್ಟಿಕ್ ಹಾಳೆ ಅರ್ಧಕ್ಕೆ ಸರಿಸು. ಬೇಸಿಗೆಯ ಏರ್ಪಾಡು ಹಾಗೇ ಬಿಟ್ಟರೆ ಆಗಸ್ಟ್‌ನಲ್ಲಿ 85 ದಾಟಿ ಕೆಳಗಿನ ಪುಡಿ ಒದ್ದೆ ಮುದ್ದೆ ಆಗುತ್ತದೆ, ಹೊಟ್ಟೆಯ ಹುರುಪೆ ಮೇಲೆ ಗುಳ್ಳೆ ಏಳುತ್ತದೆ. ಹೋದ ಮಳೆಗಾಲದಲ್ಲಿ ಇಲ್ಲೇ ಒಬ್ಬರು ಆ ಫೋಟೋ ಹಾಕಿದ್ದರು, ಹುಡುಕಿ ನೋಡು. ಮೇಲಿನ ಪುಡಿ ಒಣಗಿರಬೇಕು, ಒಳಗೆ ಬೆರಳು ತೂರಿಸಿದರೆ ತಣ್ಣಗೆ ತಾಗಬೇಕು. ಅಷ್ಟಿದ್ದರೆ ಸಾಕು.